ಗಾಜಿನ ಬೋಗಿಗೆ ಕಾಣದ ಘಟ್ಟ

ಯಶವಂತಪುರ–ಮಂಗಳೂರು ಹಗಲು ರೈಲಿಗೆ ವಿಸ್ಟಾಡೋಮ್ ಬೋಗಿ ಜೋಡಿಸಿದ್ದು 2021ರ ಜುಲೈನಲ್ಲಿ. ಚೆನ್ನೈನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯಲ್ಲಿ ತಯಾರಾದ ಈ ಬೋಗಿಯ ಚಾವಣಿಗೂ ಗಾಜು, ಗೋಡೆಯ ಬಹುಪಾಲೂ ಗಾಜು. ಒಳಗೆ ಕಿಟಕಿಯತ್ತ ತಿರುಗಿಸಿಕೊಳ್ಳಬಹುದಾದ 44 ಆಸನಗಳು. ಕೊರೊನಾ ಕಾಲದಲ್ಲಿ ಮನೆಯೊಳಗೇ ಕೂತು ಬೇಸತ್ತಿದ್ದ ಬೆಂಗಳೂರಿನವರಿಗೆ ಮಳೆಗಾಲದ ಘಟ್ಟ ಸಿಕ್ಕಿತು. ಅಲ್ಲಿಂದೀಚೆಗೆ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿಲೋಮೀಟರ್ ದಾರಿ ಪ್ರವಾಸದ ಜಾಹೀರಾತುಗಳಲ್ಲಿ, ಮೊಬೈಲ್ ವಿಡಿಯೊಗಳಲ್ಲಿ ಖಾಯಂ ಜಾಗ ಹಿಡಿದಿದೆ. 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು, ಪ್ರತಿ 50 ಅಡಿಗೆ ಒಂದಡಿ ಇಳಿಯುವ ಹಳಿ, ಮಂಜು, ಜಲಪಾತ, ಹಸಿರು.

ಈ ವರ್ಣನೆಯಲ್ಲಿ ಮನುಷ್ಯರಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ. ಬೆಂಗಳೂರಿನಿಂದ ಮಂಗಳೂರಿನವರೆಗೆ ಕಿಟಕಿಯಾಚೆ ಸರಿದುಹೋಗುವುದರಲ್ಲಿ ಮನುಷ್ಯರ ಕೈ ತಾಗದ ಭಾಗ ತೀರ ಕಡಿಮೆ. ಕೆರೆಯ ಏರಿಯನ್ನು ಯಾರೋ ಕಟ್ಟಿದ್ದಾರೆ, ಕಾಫಿಗೆ ನೆರಳು ಎಷ್ಟಿರಬೇಕೆಂದು ಯಾರೋ ಲೆಕ್ಕ ಹಾಕಿ ಕೊಂಬೆ ಕಡಿದಿದ್ದಾರೆ, ಗುಡ್ಡದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಯಾರೋ ಗದ್ದೆ ಮಾಡಿದ್ದಾರೆ. ಒಂದು ನಾಡಿನ ಜನ ಏನು ತಿನ್ನುತ್ತಾರೆ, ಯಾವ ಮರಕ್ಕೆ ಕೈ ಮುಗಿಯುತ್ತಾರೆ, ಯಾವ ಮರವನ್ನು ಕಡಿಯುತ್ತಾರೆ, ಯಾವ ಕಾನೂನಿಗೆ ಹೆದರುತ್ತಾರೆ ಎಂಬುದೆಲ್ಲ ಆ ನೆಲದ ಆಕಾರದಲ್ಲಿಯೇ ಇರುತ್ತದೆ. ಪ್ರವಾಸಿ ರೈಲು ಇದನ್ನು ತೋರಿಸಬಲ್ಲ ಅತ್ಯುತ್ತಮ ಸಾಧನ. ನಾವು ಅದನ್ನು ಹಸಿರು ತೋರಿಸುವ ಕೆಲಸಕ್ಕಷ್ಟೇ ಹಚ್ಚಿದ್ದೇವೆ, ಮತ್ತು ಇದರ ಪರಿಣಾಮ ಸೌಂದರ್ಯದ ಚರ್ಚೆಗಿಂತ ಬಹಳ ಮುಂದಕ್ಕೆ ಹೋಗುತ್ತದೆ.

ದಾರಿಯುದ್ದಕ್ಕೂ ನೋಡುತ್ತ ಹೋಗೋಣ. ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳ ಮಾರ್ಗವಾಗಿ ಹಾಸನ ಸೇರುವ ಹಳಿ ಪೂರ್ಣಗೊಂಡಿದ್ದು 2017ರಲ್ಲಿ. ಈ ಬಯಲುಸೀಮೆಯ ಭಾಗವನ್ನು ವಿಸ್ಟಾಡೋಮ್ ಪ್ರಯಾಣಿಕರು ಹೆಚ್ಚಾಗಿ ನಿದ್ದೆಯಲ್ಲೋ ತಿಂಡಿಯಲ್ಲೋ ಕಳೆಯುತ್ತಾರೆ, ‘ನೋಡುವಂಥದ್ದು’ ಸಕಲೇಶಪುರದ ನಂತರ ಎಂಬ ನಂಬಿಕೆಯಿಂದ. ಆದರೆ ರಾಗಿ ಹೊಲ, ತೆಂಗಿನ ಸಾಲು, ಬಂಡೆಗುಡ್ಡ, ಅದರ ಬುಡದಲ್ಲೊಂದು ಕೆರೆ ಎಂಬ ಈ ಜೋಡಣೆ ಹಳೆಯ ಮೈಸೂರು ಸೀಮೆಯ ಸಾವಿರ ವರ್ಷದ ಬುದ್ಧಿವಂತಿಕೆ. ಬಂಡೆಯ ಮೇಲೆ ಬಿದ್ದ ಮಳೆ ಕೆರೆಗೆ ಇಳಿಯುತ್ತದೆ, ಕೆರೆಯ ಕೆಳಗೆ ಭತ್ತ ಬೆಳೆಯುತ್ತದೆ, ನೀರು ತಾಗದ ಎತ್ತರದಲ್ಲಿ ರಾಗಿ ಬೆಳೆಯುತ್ತದೆ. ಗೊಮ್ಮಟನನ್ನು ಹತ್ತನೆಯ ಶತಮಾನದಲ್ಲಿ ನಿಲ್ಲಿಸಿದ ವಿಂಧ್ಯಗಿರಿಯೂ ಇಂಥ ಬಂಡೆಗುಡ್ಡಗಳಲ್ಲಿ ಒಂದು. ಅದರ ಬುಡದಲ್ಲಿಯೂ ಕೊಳವಿದೆ, ಊರಿಗೆ ಆ ಕೊಳದ್ದೇ ಹೆಸರು. ಇದೇ ದಾರಿಯಲ್ಲಿ ಕಾಣುವ ನೀಲಗಿರಿ ತೋಪುಗಳು ಮಾತ್ರ ಬೇರೆ ಕಥೆ ಹೇಳುತ್ತವೆ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಹಬ್ಬಿ, ಅಂತರ್ಜಲ ಹೀರುತ್ತದೆ ಎಂಬ ದೂರಿಗೆ ಗುರಿಯಾಗಿ, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿದ ಮರ ಅದು. ಕಿಟಕಿಯಿಂದ ಅದೂ ಹಸಿರು, ಇದೂ ಹಸಿರು.

ಸಕಲೇಶಪುರಕ್ಕೆ ಬಂದರೆ ಕಾಫಿ. ಮಂಜರಾಬಾದ್ ಎಂದು ಹಳೆಯ ದಾಖಲೆಗಳಲ್ಲಿ ಕಾಣುವ ಈ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಪ್ಲಾಂಟರುಗಳು ತೋಟ ಹಾಕಿದರು, ಊರಿನ ಕುಟುಂಬಗಳೂ ಹಾಕಿದವು. ಕರ್ನಾಟಕದ ಕಾಫಿಯ ವೈಶಿಷ್ಟ್ಯ ಅದರ ನೆರಳು. ಹಲಸು, ಅತ್ತಿ, ಬೀಟೆ, ನಂದಿ ಮೊದಲಾದ ಕಾಡುಮರಗಳನ್ನು ಉಳಿಸಿಕೊಂಡು ಅವುಗಳ ಕೆಳಗೆ ಕಾಫಿ ಬೆಳೆಯುವ ಕ್ರಮ ಇಲ್ಲಿ ಬೇರೂರಿತು. ಈಗ ರೈಲಿನಿಂದ ಕಾಣುವ ತೋಟಗಳಲ್ಲಿ ನೆಟ್ಟಗೆ, ಕಂಬದಂತೆ ನಿಂತ ಬೂದುಬಣ್ಣದ ಮರಗಳ ಸಾಲು ಹೆಚ್ಚುತ್ತಿದೆ. ಅದು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ದಿಮ್ಮಿಗೆ ಬೆಲೆ ಇದೆ. ಅದಕ್ಕಿಂತ ದೊಡ್ಡ ಕಾರಣ ಕಾನೂನಿನಲ್ಲಿದೆ. ತನ್ನದೇ ತೋಟದ ಬೀಟೆ, ನಂದಿ ಕಡಿಯಲು ಬೆಳೆಗಾರ ಅರಣ್ಯ ಇಲಾಖೆಯ ಅನುಮತಿಗಾಗಿ ಅಲೆಯಬೇಕು, ಸಿಲ್ವರ್ ಓಕ್ ಕಡಿಯಲು ಆ ಅಲೆದಾಟವಿಲ್ಲ. ಕಾಡುಮರ ಉಳಿಸಲು ಮಾಡಿದ ನಿಯಮವೇ ಕಾಡುಮರ ನೆಡದಂತೆ ಮಾಡಿತು. ಈ ಒಂದು ಸಂಗತಿ ಗೊತ್ತಿದ್ದವನಿಗೆ ಕಿಟಕಿಯಾಚೆಯ ತೋಟ ಬೇರೆಯದೇ ರೀತಿಯಲ್ಲಿ ಕಾಣುತ್ತದೆ. ಯಾವ ಮನೆಯವರು ಹಳೆಯ ನೆರಳನ್ನು ಹಟ ಹಿಡಿದು ಉಳಿಸಿಕೊಂಡಿದ್ದಾರೆ, ಯಾವ ತೋಟ ಸಾಲದ ಒತ್ತಡಕ್ಕೆ ಸಿಕ್ಕಿ ಓಕ್‌ಗೆ ಬದಲಾಗಿದೆ ಎಂದು ಅವನು ಊಹಿಸಬಲ್ಲ.

ಘಟ್ಟ ಇಳಿಯುವುದೆಂದರೆ ಈ ನಾಡಿನವರಿಗೆ ಕೇವಲ ಎತ್ತರ ಕಡಿಮೆಯಾಗುವುದಲ್ಲ. ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎಂಬುದು ಎರಡು ಲೋಕಗಳ ಲೆಕ್ಕ. ಮೇಲಿನಿಂದ ಅಕ್ಕಿ, ಕಾಳು ಇಳಿಯುತ್ತಿತ್ತು. ಕೆಳಗಿನಿಂದ ಉಪ್ಪು, ತೆಂಗು, ಒಣಮೀನು ಹತ್ತುತ್ತಿತ್ತು. ಕಾಫಿ ತೋಟಗಳು ಎದ್ದ ಮೇಲೆ ಕರಾವಳಿಯ ಬಡ ಕುಟುಂಬಗಳು ಕೂಲಿಗಾಗಿ ವರ್ಷದಲ್ಲಿ ಕೆಲವು ತಿಂಗಳು ಘಟ್ಟ ಹತ್ತುವುದು ರೂಢಿಯಾಯಿತು. ರೈಲು ಈ ಹತ್ತಿಳಿಯುವಿಕೆಗೆ ತೀರ ತಡವಾಗಿ ಬಂದು ಸೇರಿಕೊಂಡಿತು. ಮಂಗಳೂರಿಗೆ ಮೊದಲ ರೈಲು ಬಂದದ್ದು 1907ರಲ್ಲಿ, ಅದು ಬಂದದ್ದು ಕೇರಳದ ಕಡೆಯಿಂದ. 1956ರಲ್ಲಿ ರಾಜ್ಯ ಒಂದಾದಾಗಲೂ ಮಂಗಳೂರಿನವರು ಬೆಂಗಳೂರಿಗೆ ರೈಲಿನಲ್ಲಿ ಬರಬೇಕೆಂದರೆ ಕೇರಳ, ತಮಿಳುನಾಡು ಸುತ್ತಬೇಕಿತ್ತು. ಹಾಸನ–ಮಂಗಳೂರು ಮೀಟರ್ ಗೇಜ್ ಹಳಿ ಪೂರ್ಣಗೊಂಡಿದ್ದು 1979ರಲ್ಲಿ, ಅಂದರೆ ಏಕೀಕರಣವಾಗಿ 23 ವರ್ಷಗಳ ಮೇಲೆ. ಅದನ್ನು ಹಾಕಿಸಿದ ಮುಖ್ಯ ಒತ್ತಾಸೆಯೂ ಜನರದ್ದಾಗಿರಲಿಲ್ಲ, ಒಳನಾಡಿನ ಅದಿರನ್ನು ಹೊಸ ಮಂಗಳೂರು ಬಂದರಿಗೆ ಸಾಗಿಸುವುದಾಗಿತ್ತು.

ಮುಂದಿನದ್ದು ಇನ್ನೂ ಸ್ವಾರಸ್ಯಕರ. ಬ್ರಾಡ್‌ಗೇಜ್ ಕಾಮಗಾರಿಗಾಗಿ 1996ರಲ್ಲಿ ಘಟ್ಟದ ಹಳಿ ಮುಚ್ಚಿತು. ಸರಕು ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರ್‌ನಲ್ಲಿ. ರೈಲು ಇಲ್ಲದ ಆ ವರ್ಷಗಳಲ್ಲಿ ಬೆಂಗಳೂರಿನ ಯುವಕರು ದೋಣಿಗಲ್ಲಿನಿಂದ ಎಡಕುಮರಿಯವರೆಗೆ ಹಳಿಯ ಮೇಲೆ ನಡೆಯತೊಡಗಿದರು. ‘ಗ್ರೀನ್ ರೂಟ್’ ಎಂಬ ಹೆಸರು ಜನಪ್ರಿಯವಾದದ್ದು ಆ ಚಾರಣಿಗರ ಬಾಯಲ್ಲಿ. ಕಡಗರವಳ್ಳಿಯ ಬೆಳೆಗಾರರಾಗಲಿ, ಸರಿಯಾದ ರಸ್ತೆಯೂ ಇಲ್ಲದ ಎಡಕುಮರಿ ನಿಲ್ದಾಣದಲ್ಲಿ ರಾತ್ರಿ ಹಗಲು ಕೆಲಸ ಮಾಡುವ ರೈಲ್ವೆ ನೌಕರರಾಗಲಿ ಆ ಹೆಸರನ್ನು ಇಟ್ಟವರಲ್ಲ. ಈಗ ಹಳಿಯ ಮೇಲೆ ನಡೆಯುವುದು ನಿಷಿದ್ಧ, ಆದರೆ ಹೆಸರು ಉಳಿದಿದೆ. ಈ ಜಾಗವನ್ನು ನೋಡುವ ಕಣ್ಣನ್ನು ಆ ಹೆಸರು ಇಂದಿಗೂ ತಿದ್ದುತ್ತಿದೆ.

ಹೊರಗಿನವರು ಇಟ್ಟ ಹೆಸರು ನೆಲದ ಮೇಲೆ ಎಷ್ಟು ಗಟ್ಟಿಯಾಗಿ ಕೂರುತ್ತದೆ ಎಂದು ತಿಳಿಯಲು ಪಕ್ಕದ ನೀಲಗಿರಿ ಬೆಟ್ಟಗಳನ್ನು ನೋಡಬೇಕು. ಮೆಟ್ಟುಪಾಳಯದಿಂದ ಕೂನೂರಿಗೆ 1899ರಲ್ಲಿ, ಅಲ್ಲಿಂದ ಉದಕಮಂಡಲಕ್ಕೆ 1908ರಲ್ಲಿ ತಲುಪಿದ, 46 ಕಿಲೋಮೀಟರ್ ಉದ್ದದ ಆ ಪರ್ವತ ರೈಲನ್ನು ಯುನೆಸ್ಕೊ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಲ್ಲುಹಳಿ ಹಿಡಿದು 12 ಅಡಿಗೆ ಒಂದಡಿ ಏರುವ ಆ ಎಂಜಿನಿಯರಿಂಗ್ ನಿಜಕ್ಕೂ ಅದ್ಭುತ. ಆದರೆ ನಿಲ್ದಾಣಗಳ ಹೆಸರು ಓದುತ್ತ ಹೋಗಿ: ಹಿಲ್‌ಗ್ರೋವ್, ರನ್ನಿಮೀಡ್, ವೆಲ್ಲಿಂಗ್ಟನ್, ಲವ್‌ಡೇಲ್. ನಡುವೆ ಕೇತಿ ಎಂಬ ಒಂದು ಹೆಸರು ಬಡಗರದ್ದು. ಮೈಸೂರು ಸೀಮೆಯಿಂದ ಶತಮಾನಗಳ ಹಿಂದೆ ಬೆಟ್ಟ ಹತ್ತಿದವರೆಂದು ಹೇಳಲಾಗುವ ಬಡಗರು ಕನ್ನಡಕ್ಕೆ ತೀರ ಹತ್ತಿರದ ಭಾಷೆ ಆಡುತ್ತಾರೆ. ಅವರ ಹಟ್ಟಿಗಳು, ಅಂದರೆ ಒಂದೇ ಸಾಲಿಗೆ ಒತ್ತಿಕೊಂಡು ನಿಂತ ಮನೆಗಳ ಊರುಗಳು, ಕೇತಿ ಕಣಿವೆಯಲ್ಲಿ ರೈಲಿನಿಂದಲೇ ಕಾಣುತ್ತವೆ. ಬೆಟ್ಟದ ಇನ್ನೊಂದು ಸಮುದಾಯವಾದ ತೋಡರು ಎಮ್ಮೆ ಮೇಯಿಸುತ್ತಿದ್ದ ಹುಲ್ಲುಗಾವಲುಗಳು ಚಹಾ ತೋಟಗಳಾದವು, ನೀಲಗಿರಿ ಮತ್ತು ವ್ಯಾಟಲ್ ತೋಪುಗಳಾದವು. ಇಂದು ಪ್ರವಾಸಿಗೆ ‘ನೀಲಗಿರಿ’ ಎಂದರೆ ಚಹಾ ತೋಟ. ವಿಶ್ವ ಪರಂಪರೆಯೆಂದು ಗೌರವ ಪಡೆದಿರುವುದು ಹಳಿ ಮತ್ತು ಎಂಜಿನ್. ಆ ಹಳಿ ಹಾದುಹೋಗುವ ಹುಲ್ಲುಗಾವಲಿನ ಸಂಸ್ಕೃತಿಗೆ ಆ ಗೌರವದಲ್ಲಿ ಸಿಕ್ಕ ಪಾಲು ಬಹಳ ಚಿಕ್ಕದು. ಉಗಿಬಂಡಿಯ ಮೇಲಿನ ಪ್ರೀತಿಯಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ, ಆದರೂ ಈ ಅಸಮತೋಲ ನನ್ನನ್ನು ಚುಚ್ಚುತ್ತದೆ.

ಮತ್ತೆ ನಮ್ಮ ಘಟ್ಟಕ್ಕೆ. ಸುಬ್ರಹ್ಮಣ್ಯ ರೋಡ್ ದಾಟಿದ ಮೇಲೆ ಬೋಗಿಯಲ್ಲಿ ಕ್ಯಾಮೆರಾಗಳು ಚೀಲ ಸೇರುತ್ತವೆ. ಸುರಂಗ ಮುಗಿಯಿತು, ಇನ್ನು ನೋಡಲು ಏನಿದೆ ಎಂಬ ಭಾವ. ನನ್ನ ದೃಷ್ಟಿಯಲ್ಲಿ ಇಡೀ ಪ್ರಯಾಣದ ಅತ್ಯಂತ ಶ್ರೀಮಂತ ಭಾಗ ಇಲ್ಲಿಂದ ಶುರುವಾಗುತ್ತದೆ. ಕೋಡಿಂಬಾಳ, ಎಡಮಂಗಲ, ಪುತ್ತೂರು, ನೇರಳಕಟ್ಟೆ, ಬಂಟ್ವಾಳದ ಕಡೆಗೆ ಸಾಗುವಾಗ ನೆಲ ಅಲೆಅಲೆಯಾಗಿ ಏರಿಳಿಯುತ್ತದೆ. ಇಲ್ಲಿಯ ರೈತರು ಭತ್ತದ ನೆಲವನ್ನು ಮೂರಾಗಿ ವಿಂಗಡಿಸಿದ್ದರು. ಎತ್ತರದಲ್ಲಿ ಮಳೆಯನ್ನೇ ನಂಬಿದ ಬೆಟ್ಟುಗದ್ದೆ, ಅದಕ್ಕೆ ಒಂದು ಬೆಳೆ. ನಡುವೆ ಮಜಲು, ಎರಡು ಬೆಳೆ. ತಗ್ಗಿನಲ್ಲಿ ತೋಡಿನ, ಅಂದರೆ ಹಳ್ಳದ, ನೀರು ಸಿಗುವ ಬೈಲು, ಏಣೇಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಯವರೆಗೂ. ಕೃಷಿಭೂಮಿಗೆ ತಾಗಿದ ನೂರು ಗಜದೊಳಗಿನ ಸರ್ಕಾರಿ ಗುಡ್ಡದಿಂದ ಸೊಪ್ಪು, ಸೌದೆ ತರುವ ಹಕ್ಕಿಗೆ ಕುಮ್ಕಿ ಎಂದು ಹೆಸರು. ಗದ್ದೆಯ ಮೂಲೆಯಲ್ಲಿ ಕತ್ತಿ ತಾಗಿಸದ ಮರಗಳ ಗುಂಪು ಕಂಡರೆ ಅದು ನಾಗಬನ. ಮುರಕಲ್ಲಿನ ಗೋಡೆ, ಅದರ ಮೇಲೆ ಮಂಗಳೂರು ಹೆಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ ತೀರದ ಆವೆಮಣ್ಣು ಕರಾವಳಿಯ ಊರುಗಳ ಬಣ್ಣವನ್ನೇ ಬದಲಿಸಿತು. ಆ ಹೆಂಚು ಹಡಗು ಹತ್ತಿ ದೂರದ ದೇಶಗಳಿಗೂ ಹೋಯಿತು.

ಇವುಗಳಲ್ಲಿ ಬಹುಪಾಲು ಈಗ ಮಾಯವಾಗುತ್ತಿದೆ. ಮಜಲು, ಬೈಲುಗಳನ್ನು ಮಣ್ಣು ತುಂಬಿ ಅಡಿಕೆ ತೋಟ ಮಾಡಲಾಗಿದೆ, ಏಕೆಂದರೆ ನೆಡಲು ಕೊಯ್ಯಲು ಆಳು ಸಿಗುವುದಿಲ್ಲ, ಸಿಕ್ಕರೂ ಭತ್ತದ ಬೆಲೆಯಲ್ಲಿ ಕೂಲಿ ಹುಟ್ಟುವುದಿಲ್ಲ. ಸುಳ್ಯ ಸೀಮೆಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ರಬ್ಬರ್ ತೋಟಗಳ ಹಿಂದೆ ಇನ್ನೊಂದೇ ಚರಿತ್ರೆ ಇದೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಮೇರೆಗೆ ಶ್ರೀಲಂಕಾದಿಂದ ಮರಳಿದ ತಮಿಳು ಕಾರ್ಮಿಕ ಕುಟುಂಬಗಳಿಗೆ ಸುಳ್ಯ–ಪುತ್ತೂರು ಸೀಮೆಯಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ, ವಸತಿ ಕೊಡಲಾಯಿತು. ಅವರ ಮೊಮ್ಮಕ್ಕಳು ಇಂದು ತಮಿಳು, ಕನ್ನಡ, ತುಳು ಮೂರನ್ನೂ ಆಡುತ್ತಾರೆ. ತುಳು, ಅರೆಭಾಷೆ, ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ ಜೊತೆಯಾಗಿ ಬಾಳುವ ಈ ಸೀಮೆಯ ನೆಲವೂ ಅಷ್ಟೇ ಬಗೆಯ ಕೈಗಳಿಂದ ಆದದ್ದು. ಗಾಜಿನ ಬೋಗಿಯಲ್ಲಿ ಕೂತವರಿಗೆ ಇದನ್ನು ಹೇಳುವವರು ಯಾರು?

ಕೊಂಕಣ ರೈಲ್ವೆಯ ಬಗ್ಗೆಯೂ ಇದೇ ಪ್ರಶ್ನೆ. 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆದ ಆ ಮಾರ್ಗದಲ್ಲಿ ಅಘನಾಶಿನಿ ದಾಟುವಾಗ ಉಪ್ಪುನೀರು ಒಳನುಗ್ಗುವ ಗಜನಿ ಗದ್ದೆಗಳು ಕಾಣುತ್ತವೆ. ಉಪ್ಪು ತಡೆಯುವ ಕಗ್ಗ ಎಂಬ ಭತ್ತವನ್ನು ಮಳೆಗಾಲದಲ್ಲಿ ಬೆಳೆದು, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು ಹಿಡಿಯುವ ಪದ್ಧತಿ ಕುಮಟಾ ಕಡೆಯವರದ್ದು. ಸಮುದ್ರಮಟ್ಟ ಏರುತ್ತದೆ ಎಂದು ಜಗತ್ತೆಲ್ಲ ಚಿಂತಿಸುವ ಹೊತ್ತಿನಲ್ಲಿ ಉಪ್ಪುನೀರಿನಲ್ಲಿ ಅನ್ನ ಬೆಳೆಯುವ ಜ್ಞಾನ ಆ ರೈಲುಕಿಟಕಿಯ ಆಚೆಯೇ ಇದೆ. ಪ್ರವಾಸಿಗೆ ಅದು ‘ಹಿನ್ನೀರಿನ ನೋಟ’ ಎಂದು ಕಾಣುತ್ತದೆ, ಅಷ್ಟೇ.

ಪ್ರವಾಸಿ ರೈಲಿಗೆ ಸಂಸ್ಕೃತಿಯ ಬಗ್ಗೆ ಆಸಕ್ತಿಯೇ ಇಲ್ಲ ಎಂದರೆ ಅನ್ಯಾಯವಾದೀತು. 2008ರಲ್ಲಿ ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಆರಂಭಿಸಿದ ‘ಗೋಲ್ಡನ್ ಚಾರಿಯಟ್’ ಪೂರ್ತಿ ಸಂಸ್ಕೃತಿಯ ಮೇಲೆಯೇ ಕಟ್ಟಿದ ರೈಲು. ಬೋಗಿಗಳಿಗೆ ಕದಂಬ, ಗಂಗ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ಬಹಮನಿ, ಆದಿಲ್ ಶಾಹಿ ಎಂಬ ಹೆಸರುಗಳು, ಊಟದ ಬೋಗಿಗೆ ನಳ ಮತ್ತು ರುಚಿ. ಸುಲ್ತಾನರನ್ನೂ ಬಿಡದೆ ಸೇರಿಸಿಕೊಂಡ ಆ ಪಟ್ಟಿಯ ಉದಾರತೆಯನ್ನು ಮೆಚ್ಚಬೇಕು. ಆದರೆ ಆ ರೈಲು ಓಡುವುದು ಬಹುಮಟ್ಟಿಗೆ ರಾತ್ರಿ. ಹಗಲು ಅತಿಥಿಗಳು ಬಸ್ಸಿನಲ್ಲಿ ಹಂಪಿ, ಬಾದಾಮಿ, ಬೇಲೂರು ನೋಡುತ್ತಾರೆ, ಇರುಳು ಮಲಗಿದಾಗ ರೈಲು ಮುಂದಿನ ಊರು ಸೇರುತ್ತದೆ. ಹಂಪಿಗೂ ಬಾದಾಮಿಗೂ ನಡುವೆ ಇರುವ ಎರೆಭೂಮಿ, ಜೋಳದ ಹೊಲ, ಆ ಜೋಳದಿಂದ ಬಂದ ರೊಟ್ಟಿ, ಆ ರೊಟ್ಟಿಯ ಸುತ್ತ ಬೆಳೆದ ಉತ್ತರ ಕರ್ನಾಟಕದ ಬದುಕು ಕತ್ತಲಲ್ಲಿ ಹಿಂದೆ ಸರಿಯುತ್ತದೆ. ಸಂಸ್ಕೃತಿ ಎಂದರೆ ರಾಜವಂಶ ಮತ್ತು ಸ್ಮಾರಕ ಎಂದು ಒಪ್ಪಿಕೊಂಡರೆ ಹೀಗಾಗುವುದು ಸಹಜ. ರೈಲಿನ ನಿರ್ವಹಣೆ ಐಆರ್‌ಸಿಟಿಸಿಗೆ ಹೋಗಿ, ನಡುವೆ ನಿಂತು, 2024ರ ಡಿಸೆಂಬರ್‌ನಲ್ಲಿ ಮತ್ತೆ ಓಡತೊಡಗಿದೆ.

ಒಂದು ಕಡೆ ಜನರಿಲ್ಲದ ಪ್ರಕೃತಿ, ಇನ್ನೊಂದು ಕಡೆ ನೆಲವಿಲ್ಲದ ಸಂಸ್ಕೃತಿ. ಈ ಎರಡರಲ್ಲಿ ವಿಸ್ಟಾಡೋಮ್ ಮಾದರಿಯೇ ನನಗೆ ಹೆಚ್ಚು ಭರವಸೆ ಕೊಡುತ್ತದೆ. ಕಾರಣ ಸರಳ: ಅದು ಬೇರೆ ರೈಲಲ್ಲ. ಊರಿನವರು ಓಡಾಡುವ ಸಾಮಾನ್ಯ ರೈಲಿಗೇ ಜೋಡಿಸಿದ ಬೋಗಿ. ಅದೇ ರೈಲಿನಲ್ಲಿ ಕುಕ್ಕೆಗೆ ಹರಕೆ ತೀರಿಸಲು ಹೋಗುವ ಕುಟುಂಬ, ಮಂಗಳೂರಿನ ಆಸ್ಪತ್ರೆಗೆ ಹೊರಟವರು, ಹಾಸ್ಟೆಲಿನಿಂದ ಮನೆಗೆ ಮರಳುವ ವಿದ್ಯಾರ್ಥಿಗಳು ಇದ್ದಾರೆ. ನೆಲದ ಕಥೆ ಬಲ್ಲವರು ಮತ್ತು ಅದನ್ನು ನೋಡಲು ಬಂದವರು ಕೆಲವೇ ಬೋಗಿಗಳ ಅಂತರದಲ್ಲಿ ಕೂತಿರುತ್ತಾರೆ. ಅವರ ನಡುವೆ ಮಾತು ಹುಟ್ಟಿಸುವ ಏರ್ಪಾಡು ಮಾತ್ರ ಇಲ್ಲ.

ಹಿಂದೆ ಆ ಏರ್ಪಾಡು ತಾನಾಗಿಯೇ ಇತ್ತು. ಅದರ ಹೆಸರು ನಿಲುಗಡೆ. ಉಗಿಬಂಡಿ ನೀರು ಕುಡಿಯಲು ನಿಲ್ಲುತ್ತಿತ್ತು, ಎದುರು ರೈಲಿಗಾಗಿ ಕಾಯುತ್ತಿತ್ತು, ಆ ಹೊತ್ತಿನಲ್ಲಿ ಊರು ಪ್ಲಾಟ್‌ಫಾರ್ಮಿಗೆ ಬರುತ್ತಿತ್ತು. ಮದ್ದೂರು ವಡೆ 1917ರಲ್ಲಿ ಹುಟ್ಟಿದ್ದು ಹೀಗೆ, ರೈಲಿನ ಸಮಯಕ್ಕೆ ಹೊಂದಿಸಿಕೊಳ್ಳುವ ಅವಸರದಲ್ಲಿ, ಎಂಬುದು ಅಲ್ಲಿ ಬಾಯಿಂದ ಬಾಯಿಗೆ ಬಂದ ಚರಿತ್ರೆ. ಬೆಂಗಳೂರು–ಮೈಸೂರು ದಾರಿಯಲ್ಲಿ ರಾಮನಗರದ ಬಂಡೆ, ಚನ್ನಪಟ್ಟಣದ ಗೊಂಬೆ, ಮದ್ದೂರಿನ ವಡೆ, ಮಂಡ್ಯದ ಕಬ್ಬಿನ ಗದ್ದೆ ಒಂದಾದ ಮೇಲೊಂದು ಬರುತ್ತಿದ್ದವು, ಮಕ್ಕಳಿಗೆ ನಕ್ಷೆಯಿಲ್ಲದೆ ಜಿಲ್ಲೆಗಳ ಪರಿಚಯವಾಗುತ್ತಿತ್ತು. ವೇಗದ ರೈಲುಗಳು ಈ ಊರುಗಳಲ್ಲಿ ಹೆಚ್ಚಾಗಿ ನಿಲ್ಲುವುದಿಲ್ಲ. ನಿಲ್ಲುವ ರೈಲುಗಳೂ ಎರಡು ನಿಮಿಷಕ್ಕೆ ಹೊರಡುತ್ತವೆ, ಎ.ಸಿ. ಬೋಗಿಗಳ ಕಿಟಕಿ ತೆರೆಯುವುದಿಲ್ಲ, ಪರವಾನಗಿ ಇಲ್ಲದ ವ್ಯಾಪಾರಿಯನ್ನು ಪೊಲೀಸರು ಓಡಿಸುತ್ತಾರೆ. ಪ್ರಯಾಣಿಕನಿಗೆ ವೇಗ ಬೇಕು, ಅದನ್ನು ತಪ್ಪು ಎನ್ನಲಾಗದು. ಆದರೆ ನೋಡುವುದಕ್ಕೆಂದೇ ಓಡಿಸುವ ರೈಲಿಗೂ ಅದೇ ನಿಯಮ ಏಕೆ?

2022ರ ಕೇಂದ್ರ ಬಜೆಟ್‌ನಲ್ಲಿ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಯೋಜನೆ ಘೋಷಣೆಯಾಯಿತು. ಸ್ಥಳೀಯ ಕಸುಬುದಾರರಿಗೆ, ಮಹಿಳಾ ಸ್ವಸಹಾಯ ಗುಂಪುಗಳಿಗೆ ನಿಲ್ದಾಣದಲ್ಲಿ ಮಳಿಗೆ ಕೊಡುವ ಉದ್ದೇಶ ಒಳ್ಳೆಯದು. ಆದರೆ ಹೆಸರಿನಲ್ಲಿಯೇ ಇರುವ ‘ಒಂದು’ ನನಗೆ ಕಷ್ಟ ಕೊಡುತ್ತದೆ. ಪುತ್ತೂರಿನ ಉತ್ಪನ್ನ ಅಡಿಕೆಯೋ, ಹಲಸಿನ ಹಪ್ಪಳವೋ, ಕ್ಯಾಂಪ್ಕೊ ಚಾಕೊಲೇಟೋ? ಒಂದನ್ನು ಆರಿಸಿದ ಕೂಡಲೇ ಊರು ಒಂದು ವಸ್ತುವಿನ ಲಾಂಛನವಾಗಿ ಕುಗ್ಗುತ್ತದೆ. ಅಮೃತ ಭಾರತ ಯೋಜನೆಯಡಿ ಮರುನಿರ್ಮಾಣವಾಗುತ್ತಿರುವ ನಿಲ್ದಾಣಗಳಿಗೂ ಈ ಅಪಾಯವಿದೆ. ಹತ್ತಿರದ ದೇವಸ್ಥಾನದ ಗೋಪುರವನ್ನೋ ಕಮಾನನ್ನೋ ಅಲ್ಯೂಮಿನಿಯಂ ಹಾಳೆಯ ಮುಂಭಾಗಕ್ಕೆ ಅಂಟಿಸಿದರೆ ಸ್ಥಳೀಯತೆ ಬಂತು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಕರಾವಳಿಯ ನಿಲ್ದಾಣಕ್ಕೆ ಮುರಕಲ್ಲಿನ ಗೋಡೆ, ಮಳೆಗೆ ಚಾಚಿದ ಹೆಂಚಿನ ಮಾಡು ಹಾಕಿದರೆ ಅದು ಅಲಂಕಾರ ಆಗುವುದಿಲ್ಲ. ಆ ಹವೆಯಲ್ಲಿ ನೂರು ವರ್ಷದ ಪರೀಕ್ಷೆ ಗೆದ್ದ ಕಟ್ಟಡವಾಗುತ್ತದೆ, ಕಾಯುವವರ ಮೈ ನೆನೆಯುವುದಿಲ್ಲ.

ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣ ಇಲ್ಲಿ ಕುತೂಹಲದ ಉದಾಹರಣೆ. ಶಂಕರ್ ನಾಗ್ ನಿರ್ದೇಶಿಸಿದ ದೂರದರ್ಶನ ಧಾರಾವಾಹಿಗಾಗಿ 1980ರ ದಶಕದಲ್ಲಿ ಅದು ಮಾಲ್ಗುಡಿಯಾಯಿತು. 2020ರಲ್ಲಿ ಹಳೆಯ ನಿಲ್ದಾಣ ಕಟ್ಟಡವನ್ನು ನೈರುತ್ಯ ರೈಲ್ವೆ ಚಂದವಾಗಿ ದುರಸ್ತಿ ಮಾಡಿ ‘ಮಾಲ್ಗುಡಿ ಮ್ಯೂಸಿಯಂ’ ಮಾಡಿದೆ. ಪಾಳುಬೀಳಲಿದ್ದ ಕಟ್ಟಡ ಉಳಿದದ್ದು ಸಂತೋಷ. ಆದರೂ ಯೋಚಿಸಿ, ಆ ಹಳಿ ಮಲೆನಾಡಿನ ಮರವನ್ನು ಹೊತ್ತೊಯ್ದ ಹಳಿ. ಸಾಗರದ ಕಡೆಯ ಅಡಿಕೆ ತೋಟಗಳನ್ನು, ತೋಟಕ್ಕೆ ಸೊಪ್ಪು ಕೊಡುವ ಬೆಟ್ಟಗಳನ್ನು ಹಾದುಹೋಗುವ ಹಳಿ. ಅದರ ಕೊನೆಯ ನಿಲ್ದಾಣದಾಚೆ ಲಿಂಗನಮಕ್ಕಿ ಜಲಾಶಯ ಇದೆ. 1960ರ ದಶಕದಲ್ಲಿ ಆ ನೀರಿನಡಿ ಮುಳುಗಿದ ಊರುಗಳ ಜನ ಇಂದಿಗೂ ಭೂಮಿಯ ಹಕ್ಕಿಗಾಗಿ ಹೋರಾಡುತ್ತಿದ್ದಾರೆ. ಜೋಗಕ್ಕೆ ಹೋಗುವ ಪ್ರವಾಸಿ ಈ ರೈಲಿನಲ್ಲಿ ಕಲ್ಪಿತ ಊರಿನ ಮ್ಯೂಸಿಯಂ ನೋಡುತ್ತಾನೆ. ಮುಳುಗಿದ ನಿಜವಾದ ಊರುಗಳ ಹೆಸರು ಆ ದಾರಿಯಲ್ಲಿ ಎಲ್ಲಿಯೂ ಅವನ ಕಣ್ಣಿಗೆ ಬೀಳುವುದಿಲ್ಲ.

ಕಿಟಕಿಯಾಚೆಯದನ್ನು ಬರೀ ಚಿತ್ರವಾಗಿ ನೋಡುವ ಅಭ್ಯಾಸ ಆಡಳಿತದ ತೀರ್ಮಾನಗಳಿಗೂ ಹರಿಯುತ್ತದೆ ಎಂದು ಮೊದಲೇ ಹೇಳಿದೆ. 2018ರ ಆಗಸ್ಟ್‌ನ ಮಳೆಗೆ ಸಕಲೇಶಪುರ ಘಟ್ಟದ ಹಳಿಯ ಮೇಲೆ ಸಾಲು ಸಾಲಾಗಿ ಗುಡ್ಡ ಕುಸಿದು ಸಂಚಾರ ವಾರಗಟ್ಟಲೆ ನಿಂತಿತು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಎಡಕುಮರಿ ನಡುವೆ ಹಳಿಯ ಬುಡದ ಮಣ್ಣೇ ಜಾರಿತು. ಸುದ್ದಿಯಲ್ಲಿ ಇವೆಲ್ಲ ‘ಪ್ರಕೃತಿಯ ಮುನಿಸು’. ಆದರೆ ಅದೇ ಕಣಿವೆಯಲ್ಲಿ ಶಿರಾಡಿ ಹೆದ್ದಾರಿಯ ಅಗಲೀಕರಣ ನಡೆದಿದೆ, ಎತ್ತಿನಹೊಳೆ ಯೋಜನೆಯ ಕೊಳವೆ, ಕಾಲುವೆಗಳ ಕೆಲಸ ನಡೆದಿದೆ. ಕಡಿದ ಇಳಿಜಾರು, ತುಂಬಿದ ಮಣ್ಣು, ಬದಲಾದ ನೀರಿನ ಹಾದಿಯನ್ನು ಲೆಕ್ಕಕ್ಕೆ ಹಿಡಿಯದಿರುವವರೆಗೆ ಕುಸಿತಕ್ಕೆ ಮಳೆಯೊಂದನ್ನೇ ಹೊಣೆ ಮಾಡುತ್ತ ಹೋಗುತ್ತೇವೆ. ಯಾವ ತೋಡು ಯಾವ ತಿಂಗಳು ಎತ್ತ ಹರಿಯುತ್ತದೆ ಎಂದು ಅಲ್ಲಿಯ ಬೆಳೆಗಾರರಿಗೆ, ಮಳೆಯಲ್ಲಿ ಟಾರ್ಚ್ ಹಿಡಿದು ಹಳಿ ಕಾಯುವ ಟ್ರ್ಯಾಕ್‌ಮನ್‌ಗಳಿಗೆ ಗೊತ್ತಿದೆ. ಅವರನ್ನು ಕೇಳುವ ಪದ್ಧತಿ ಇಲ್ಲ.

ಉತ್ತರದ ಇನ್ನೊಂದು ಘಟ್ಟದಲ್ಲಿ ಇದಕ್ಕೆ ವ್ಯತಿರಿಕ್ತವಾದದ್ದು ನಡೆಯಿತು. ಕ್ಯಾಸಲ್‌ರಾಕ್–ಕುಳೆಂ ನಡುವೆ, ದೂಧ್‌ಸಾಗರ ಜಲಪಾತದ ಎದುರೇ ಹಾದುಹೋಗುವ ಹಳಿಯನ್ನು ಜೋಡಿಮಾರ್ಗ ಮಾಡುವ ಯೋಜನೆಗೆ ಗೋವಾದಲ್ಲಿ ದೊಡ್ಡ ವಿರೋಧ ಬಂತು. ಮುರ್ಮುಗೋವಾ ಬಂದರಿನ ಕಲ್ಲಿದ್ದಲಿಗಾಗಿ ಕಾಡು ಕಡಿಯಬೇಡಿ ಎಂದು ‘ಆಮ್ಚೆ ಮೊಲ್ಲೆಂ’ ಹೆಸರಿನಲ್ಲಿ ಸೇರಿದವರಲ್ಲಿ ವಿಜ್ಞಾನಿಗಳು, ವಿದ್ಯಾರ್ಥಿಗಳ ಜೊತೆ ಚಿತ್ರಕಲಾವಿದರೂ ಇದ್ದರು. ಅವರು ಆ ಕಾಡಿನ ಗಿಡ, ಪ್ರಾಣಿ, ಜನರನ್ನು ಬರೆದು ಹಂಚಿದರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಜೋಡಿಮಾರ್ಗಕ್ಕೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ರದ್ದು ಮಾಡಿತು. ದೂಧ್‌ಸಾಗರದ ಫೋಟೊ ದೇಶಕ್ಕೆಲ್ಲ ಗೊತ್ತಿತ್ತು, ಆ ಫೋಟೊ ತಾನೇ ಕಾಡನ್ನು ಉಳಿಸಲಿಲ್ಲ. ಇದು ನಮ್ಮ ನೆಲ ಎಂದು ಹೇಳಲು ಜನ ಎದ್ದುನಿಂತಾಗ ವಾದಕ್ಕೆ ಬಲ ಬಂತು.

ಸಕಲೇಶಪುರ ಘಟ್ಟದ ವಿದ್ಯುದೀಕರಣಕ್ಕಾಗಿ 2025ರ ಜೂನ್‌ನಿಂದ ಬೆಂಗಳೂರು–ಮಂಗಳೂರು ಹಗಲು ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಲಾಯಿತು. ತಂತಿ, ಕಂಬ ಬಂದು ನೋಟ ಕೆಡುತ್ತದೆ ಎಂಬ ಕೊರಗು ಕೆಲವರದ್ದು. ಅದಕ್ಕೆ ನನ್ನ ಸಹಾನುಭೂತಿ ಇಲ್ಲ. ಸುರಂಗದೊಳಗೆ ಡೀಸೆಲ್ ಹೊಗೆ ಕುಡಿದು ಕೆಲಸ ಮಾಡಿದವರಿಗೆ, ಬೇಗ ಊರು ಸೇರಬೇಕಾದವರಿಗೆ ಆ ತಂತಿ ಬೇಕು. ವಂದೇ ಭಾರತ್ ಬರಲಿ ಎಂದು ಕರಾವಳಿಯವರು ಕೇಳುತ್ತಿರುವುದೂ ನ್ಯಾಯವೇ. ನನ್ನ ಚಿಂತೆ ವೇಳಾಪಟ್ಟಿಯದು. ಈ ಘಟ್ಟವನ್ನು ಬಹುತೇಕ ಕನ್ನಡಿಗರು ರಾತ್ರಿ ರೈಲಿನಲ್ಲಿ ನಿದ್ದೆಯಲ್ಲಿಯೇ ದಾಟುತ್ತಾರೆ. ಹಗಲು ರೈಲುಗಳು ಪ್ರವಾಸಿಗರಿಗೆಂದು ಉಳಿದು, ಅವುಗಳಲ್ಲಿಯೂ ಅಗ್ಗದ ಬೋಗಿಗಳು ಕಡಿಮೆಯಾದರೆ, ತನ್ನ ನಾಡನ್ನು ತಾನೇ ಹಗಲಲ್ಲಿ ನೋಡುವ ಅವಕಾಶ ಹಾಸನದ, ಪುತ್ತೂರಿನ ಶಾಲಾ ಮಕ್ಕಳಿಗೆ ಇಲ್ಲವಾಗುತ್ತದೆ.

ಮಾಡಬೇಕಾದದ್ದನ್ನು ಯಾರು ಮಾಡಬೇಕು ಎಂಬಲ್ಲಿ ತೊಡಕಿದೆ. ಘಟ್ಟದ ಹಳಿ ನೈರುತ್ಯ ರೈಲ್ವೆಯ ಮೈಸೂರು ವಿಭಾಗದ್ದು, ಮಂಗಳೂರಿನ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು, ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ ನಿಗಮದ್ದು. ಕರಾವಳಿಯವರು ದಶಕಗಳಿಂದ ದೂರುತ್ತಿರುವ ಈ ಮೂರು ತುಂಡಿನ ಆಡಳಿತದಲ್ಲಿ ಇಡೀ ಪ್ರಯಾಣವನ್ನು ಒಂದೇ ಕಥೆಯಾಗಿ ಯೋಚಿಸುವ ಕಚೇರಿಯೇ ಇಲ್ಲ. ರಾಜ್ಯ ಸರ್ಕಾರ ಮುಂದೆ ಬರಬೇಕಾದದ್ದು ಇಲ್ಲಿ. ಕನ್ನಡ, ತುಳು ಬಲ್ಲ ಸ್ಥಳೀಯ ಯುವಕ ಯುವತಿಯರನ್ನು ತರಬೇತಿ ಕೊಟ್ಟು ಬೋಗಿಯಲ್ಲಿ ನಿರೂಪಕರಾಗಿ ನೇಮಿಸುವುದಕ್ಕೆ ದೊಡ್ಡ ಹಣ ಬೇಡ. ಹಾಸನ, ಮಂಗಳೂರು, ಹಂಪಿ ವಿಶ್ವವಿದ್ಯಾಲಯಗಳಲ್ಲಿ ಈ ನೆಲದ ಬಗ್ಗೆ ಬರೆದವರಿದ್ದಾರೆ.

ಇನ್ನು ಒಂದು ಕೆಲಸಕ್ಕೆ ಹೊಸ ಆದೇಶವೂ ಬೇಕಿಲ್ಲ. ಘಟ್ಟ ಏರಲು ಹೆಚ್ಚುವರಿ ಬ್ಯಾಂಕರ್ ಎಂಜಿನ್ ಜೋಡಿಸುವುದಕ್ಕೆ, ಬಿಡಿಸುವುದಕ್ಕೆ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್‌ನಲ್ಲಿ ರೈಲು ಸುಮಾರು ಹತ್ತು ನಿಮಿಷ ನಿಲ್ಲುವುದು ರೂಢಿಯಾಗಿದೆ. ವಿದ್ಯುತ್ ಎಂಜಿನ್ ಬಂದ ಮೇಲೆ ಆ ನಿಲುಗಡೆಯನ್ನು ಕತ್ತರಿಸುವ ಪ್ರಸ್ತಾಪ ಬರುವುದು ಸಹಜ. ಹಗಲು ರೈಲುಗಳಿಗೆ ಅದನ್ನು ಕತ್ತರಿಸಬೇಡಿ. ಆ ಹತ್ತು ನಿಮಿಷವನ್ನು ಸುಬ್ರಹ್ಮಣ್ಯ ರೋಡ್ ಬಳಿಯ ನೆಟ್ಟಣ, ಬಿಳಿನೆಲೆಯ ಸ್ವಸಹಾಯ ಗುಂಪುಗಳ ಹೆಂಗಸರಿಗೆ, ಸಕಲೇಶಪುರದ ಸಣ್ಣ ಬೆಳೆಗಾರರಿಗೆ ಕೊಡಿ. ಅವರು ತಮ್ಮ ಹಪ್ಪಳ, ಕಾಫಿಪುಡಿ, ಕಾಳುಮೆಣಸು, ಬಾಳೆಹಣ್ಣು ತೆಗೆದುಕೊಂಡು ಪ್ಲಾಟ್‌ಫಾರ್ಮಿಗೆ ಬರಲಿ, ಬೆಲೆಯನ್ನು ಅವರೇ ಹೇಳಲಿ.